ಹಳ್ಳಿಕಾರ್ ಕರುವಿಗೆ ತಾಯಿಹಾಲು ಎಷ್ಟು ಸಿಗುತ್ತಿದೆ? ಅಳೆಯುವ, ಹಂಚುವ, ಬಿಡಿಸುವ ಬಗೆ

ಎತ್ತಿಗಾಗಿ ಸಾಕುವ ನಾಟಿ ತಳಿ ಹಳ್ಳಿಕಾರ್. ಇದರ ಹಸು ಒಂದು ಸೂಲಿಗೆ ಕೊಡುವ ಹಾಲು ಸರಾಸರಿ 500 ಲೀಟರಿನ ಆಸುಪಾಸು. ಒಳ್ಳೆಯ ಹಸು ಇದರ ಎರಡರಷ್ಟು ಕೊಟ್ಟೀತು, ಕೆಲವು ಅರ್ಧವನ್ನೂ ಮುಟ್ಟುವುದಿಲ್ಲ. ಅಷ್ಟರಲ್ಲೇ ಕರು ಬೆಳೆಯಬೇಕು, ಮನೆಯ ಕಾಫಿಗೂ ಆಗಬೇಕು. ಕರು ಬಡವಾದರೆ ಹೆಚ್ಚಿನವರು ದೂರುವುದು ತಳಿಯನ್ನೋ ಹುಳವನ್ನೋ ದೃಷ್ಟಿಯನ್ನೋ. ಕರುವಿನ ಹೊಟ್ಟೆಗೆ ದಿನಕ್ಕೆ ಎಷ್ಟು ಹಾಲು ಇಳಿಯುತ್ತಿದೆ ಎಂದು ಕೇಳಿದರೆ ‘ಕೆಚ್ಚಲಿನ ಎರಡು ತೊಟ್ಟು ಬಿಡ್ತೀವಲ್ಲ’ ಎಂಬ ಉತ್ತರ ಬರುತ್ತದೆ. ತೊಟ್ಟು ಅಳತೆಯಲ್ಲ. ಅಳೆಯುವುದಕ್ಕೆ ಒಂದು ತಕ್ಕಡಿ, ಒಂದು ಗೋಣಿತಾಟು, ಎರಡು ದಿನದ ತಾಳ್ಮೆ ಸಾಕು.

ಮೊದಲು ಲೆಕ್ಕ ಹೇಗೆ ನಡೆಯುತ್ತದೆಂದು ನೋಡೋಣ. ಅದು ಗೊತ್ತಿಲ್ಲದೆ ಅಳೆದರೆ ಅಂಕಿ ಕೈಯಲ್ಲಿರುತ್ತದೆ, ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಮೊದಲ ಲೀಟರು ಜೀವಕ್ಕೆ, ಕಡೆಯ ಲೀಟರು ಮೈಗೆ

ಕರು ಕುಡಿದ ಹಾಲೆಲ್ಲ ಬೆಳವಣಿಗೆಗೆ ಹೋಗುವುದಿಲ್ಲ. ಉಸಿರಾಟ, ಮೈಕಾವು, ಓಡಾಟ ಇವಕ್ಕೆ ಬೇಕಾದದ್ದು ಮೊದಲು ಕಳೆಯುತ್ತದೆ. ಅದು ತೀರಿದ ಮೇಲೆ ಉಳಿದದ್ದು ಮಾತ್ರ ಮೂಳೆ, ಮಾಂಸ ಆಗುತ್ತದೆ. ಕೊಬ್ಬು ಶೇಕಡಾ 5ರಷ್ಟಿರುವ ನಾಟಿ ಹಸುವಿನ ಹಾಲನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ಬರೀ ಬದುಕಿರಲು 20 ಕಿಲೊ ಕರುವಿಗೆ ದಿನಕ್ಕೆ ಸುಮಾರು 1.2 ಲೀಟರ್ ಬೇಕು. 30 ಕಿಲೊ ಕರುವಿಗೆ 1.7 ಲೀಟರ್. 50 ಕಿಲೊ ಕರುವಿಗೆ 2.4 ಲೀಟರ್.

ಒಂದು ತಿಂಗಳ, 30 ಕಿಲೊ ತೂಗುವ ಹೋರಿಗರು ಇದೆ ಎನ್ನಿ. ತಾಯಿ ದಿನಕ್ಕೆ ಒಟ್ಟು 3.2 ಲೀಟರ್ ಇಳಿಸುತ್ತದೆ. ಮನೆಗೆ ಒಂದೂವರೆ ಲೀಟರ್ ಕರೆದುಕೊಂಡರೆ ಕರುವಿಗೆ ಉಳಿಯುವುದು 1.7. ಕರು ಸಾಯುವುದಿಲ್ಲ, ಬೆಳೆಯುವುದೂ ಇಲ್ಲ, ನಿಂತಲ್ಲೇ ನಿಲ್ಲುತ್ತದೆ. ಮನೆಯ ಪಾಲನ್ನು ಮುಕ್ಕಾಲು ಲೀಟರಿಗೆ ಇಳಿಸಿದರೆ ಕರುವಿಗೆ 2.45 ಸಿಗುತ್ತದೆ, ದಿನಕ್ಕೆ 200 ಗ್ರಾಂ ಏರುತ್ತದೆ. ಪೂರ್ತಿ ಬಿಟ್ಟರೆ 350 ಗ್ರಾಂ. ಒಂದೂವರೆ ಲೀಟರಿನ ವ್ಯತ್ಯಾಸಕ್ಕೆ ತಿಂಗಳಿಗೆ ಹತ್ತು ಕಿಲೊ. ‘ಅರ್ಧ ಹಾಲು ನಮಗೆ, ಅರ್ಧ ಕರುವಿಗೆ’ ಎಂಬ ಹಂಚಿಕೆ ಕೇಳಲು ನ್ಯಾಯವಾಗಿದೆ. ಆದರೆ ನಮ್ಮ ಅರ್ಧ ಬರುವುದು ಪೂರ್ತಿಯಾಗಿ ಕರುವಿನ ಬೆಳವಣಿಗೆಯ ಪಾಲಿನಿಂದಲೇ.

ಹತ್ತು ಲೀಟರ್ ಹಾಲಿಗೆ ಒಂದು ಕಿಲೊ ಕರು ಎಂಬ ಒರಟು ಲೆಕ್ಕವೊಂದಿದೆ. ಹೊಟ್ಟೆತುಂಬ ಕುಡಿಯುವ ಕರುವಿಗೆ ಅದು ಸರಿಹೋಗುತ್ತದೆ. ಅರೆಹೊಟ್ಟೆಯ ಕರುವಿಗೆ ಹದಿನೈದು ಲೀಟರಿಗೂ ಒಂದು ಕಿಲೊ ಬರುವುದಿಲ್ಲ, ಏಕೆಂದರೆ ಕುಡಿದದ್ದರಲ್ಲಿ ಹೆಚ್ಚುಪಾಲು ಜೀವ ಹಿಡಿದಿಡಲೇ ಹೋಗುತ್ತದೆ.

ಅಮೆರಿಕದಲ್ಲಿ ಮಾಂಸಕ್ಕೆ ಸಾಕುವ ಆಂಗಸ್, ಹೆರೆಫೋರ್ಡ್ ಹಸುಗಳನ್ನು ಕರೆಯುವುದೇ ಇಲ್ಲ. ಕರು ಆರೇಳು ತಿಂಗಳು ತಾಯಿಯ ಜೊತೆ ಹುಲ್ಲುಗಾವಲಲ್ಲೇ ಇರುತ್ತದೆ. 205ನೇ ದಿನಕ್ಕೆ ಹೊಂದಿಸಿದ ಕರುವಿನ ತೂಕವೇ ತಾಯಿಯ ಅಂಕಪಟ್ಟಿ. ಒಂದು ಹೋರಿಯ ‘ಹಾಲಿನ ಗುಣ’ವನ್ನು ಅವರು ಲೀಟರಿನಲ್ಲಿ ಬರೆಯುವುದಿಲ್ಲ. ಆ ಹೋರಿಗೆ ಹುಟ್ಟಿದ ಹಸುಗಳ ಕರುಗಳು, ತಾಯಿಹಾಲಿನ ದೆಸೆಯಿಂದ, ಹಾಲು ಬಿಡುವ ಹೊತ್ತಿಗೆ ಎಷ್ಟು ಪೌಂಡ್ ಹೆಚ್ಚು ತೂಗುತ್ತವೆ ಎಂಬುದರಲ್ಲಿ ಬರೆಯುತ್ತಾರೆ. ಎತ್ತಿಗಾಗಿ ದನ ಸಾಕುವ ನಮಗೂ ಕೊನೆಗೆ ಬೇಕಿರುವುದು ಅದೇ ಅಂಕಿ. ಕೆಳಗೆ ಹೇಳುವ ತೂಗಿ-ಉಣಿಸಿ-ತೂಗುವ ವಿಧಾನವೂ ಅಂಥ ಹಸುಗಳ ಹಾಲು ಅಳೆಯಲು ಬಳಸುವಂಥದ್ದೇ.

ತೂಗಿ, ಉಣಿಸಿ, ಮತ್ತೆ ತೂಗುವುದು

ನಾಟಿ ಹಸು ಕರು ಮುಟ್ಟದೆ ಸೊರ ಬಿಡುವುದಿಲ್ಲ, ಅಂದರೆ ಹಾಲು ಇಳಿಸುವುದಿಲ್ಲ. ಹಾಗಾಗಿ ಕೈಯಲ್ಲಿ ಕರೆದು ಅಳೆದರೆ ಸಿಗುವ ಅಂಕಿ ಯಾವಾಗಲೂ ಕಡಿಮೆ. ಕರುವಿಗೇ ಕುಡಿಸಿ, ಕುಡಿಯುವ ಮೊದಲು ಮತ್ತು ಆಮೇಲೆ ಕರುವನ್ನು ತೂಗಿದರೆ ಏರಿದ ತೂಕವೇ ಹಾಲು. ಲೀಟರೂ ಕಿಲೊವೂ ಇಲ್ಲಿ ಹೆಚ್ಚುಕಮ್ಮಿ ಒಂದೇ ಎಂದಿಟ್ಟುಕೊಳ್ಳಬಹುದು.

ಬೇಕಾದದ್ದು: 50 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. 40 ಕಿಲೊವರೆಗಿನ ಕರುವಿಗೆ ಕೊಕ್ಕೆಯಿಂದ ನೇತುಹಾಕುವ ತಕ್ಕಡಿ ಆಗುತ್ತದೆ. ಗೋಣಿತಾಟಿಗೆ ನಾಲ್ಕು ಕಾಲು ಇಳಿಬೀಳುವಂತೆ ತೂತು ಮಾಡಿ, ಎರಡೂ ಬದಿಗೆ ಹಗ್ಗ ಹೊಲಿದು ತೊಟ್ಟಿಲಿನ ಹಾಗೆ ಮಾಡಿಕೊಳ್ಳಿ. ಅದಕ್ಕಿಂತ ದೊಡ್ಡ ಕರುವನ್ನು ನೇತುಹಾಕಲು ಹೋಗಬೇಡಿ, ಒದ್ದಾಡಿ ಬೀಳುತ್ತದೆ. ಮೂಟೆ ತೂಗುವ ನೆಲದ ತಕ್ಕಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಜಾರದಂತೆ ತೇವದ ಗೋಣಿ ಹಾಸಿ ನಿಲ್ಲಿಸಿ. ಹಲಗೆ, ಗೋಣಿಯ ತೂಕವನ್ನು ಮೊದಲೇ ಸೊನ್ನೆ ಮಾಡಿಕೊಳ್ಳಬೇಕು.

ಮೊದಲ ಮೂರು ವಾರ ಅಳೆಯಬೇಡಿ. ಆಗ ಕರುವಿನ ಹೊಟ್ಟೆ ಸಣ್ಣದು, ಕೆಚ್ಚಲಲ್ಲಿ ಹಾಲು ಉಳಿದುಬಿಡುತ್ತದೆ. ನೀವು ಅಳೆದದ್ದು ಹಸುವಿನ ಹಾಲಾಗುವುದಿಲ್ಲ, ಕರುವಿನ ಹೊಟ್ಟೆಯ ಅಳತೆಯಾಗುತ್ತದೆ. 30, 60, 90 ಮತ್ತು 120ನೇ ದಿನದ ಆಸುಪಾಸಿನಲ್ಲಿ ಒಂದೊಂದು ಸಲ ಅಳೆದರೆ ಇಡೀ ಸೂಲಿನ ಚಿತ್ರ ಸಿಗುತ್ತದೆ.

ಹಿಂದಿನ ರಾತ್ರಿ ಹತ್ತು ಗಂಟೆಗೆ ಕರುವನ್ನು ಬಿಟ್ಟು ಕೆಚ್ಚಲು ಪೂರ್ತಿ ಬರಿದು ಮಾಡಿಸಿ. ಕರು ಉಳಿಸಿದ್ದನ್ನು ಕೈಯಲ್ಲಿ ಹಿಂಡಿ ತೆಗೆಯಿರಿ. ಈ ಹಾಲು ಲೆಕ್ಕಕ್ಕಿಲ್ಲ, ಗಡಿಯಾರ ಶುರುವಾಗುವುದು ಇಲ್ಲಿಂದ. ಸಮಯ ಬರೆದಿಟ್ಟು ಕರುವನ್ನು ತಾಯಿಗೆ ಕಾಣುವಂತೆ, ಆದರೆ ಮೂತಿ ತಾಗದಷ್ಟು ದೂರದಲ್ಲಿ ಕಟ್ಟಿ. ಕಣ್ಣಿಗೆ ಬೀಳದ ಕಡೆ ಕಟ್ಟಿದರೆ ಹಸು ರಾತ್ರಿಯಿಡೀ ಕೂಗಿ ಬೆಳಿಗ್ಗೆ ಸರಿಯಾಗಿ ಸೊರ ಬಿಡುವುದಿಲ್ಲ.

ಬೆಳಿಗ್ಗೆ ಆರಕ್ಕೆ, ಅಂದರೆ ಎಂಟು ಗಂಟೆಯ ಮೇಲೆ, ಕರುವನ್ನು ತೂಗಿ ಬರೆಯಿರಿ. ಅದಕ್ಕೆ ಮೊದಲು ನೀರು ಕುಡಿಸಬೇಡಿ. ಕೂಡಲೇ ಹಸುವಿಗೆ ಬಿಡಿ. ಹತ್ತರಿಂದ ಹದಿನೈದು ನಿಮಿಷದಲ್ಲಿ ಕುಡಿದು ಮುಗಿಸುತ್ತದೆ. ನಾಲ್ಕೂ ತೊಟ್ಟು ಸುತ್ತಿ, ಮೂತಿಯಿಂದ ಕೆಚ್ಚಲು ಗುದ್ದಿ, ಗುದ್ದಿದರೂ ನೊರೆ ಬಾರದಿದ್ದರೆ ಮುಗಿಯಿತು. ತಕ್ಷಣ ಎಳೆದು ಮತ್ತೆ ತೂಗಿ. ಈ ನಡುವೆ ಕರು ಗಂಜಲ ಹೊಯ್ದರೆ, ಸಗಣಿ ಹಾಕಿದರೆ ಅದೂ ಲೆಕ್ಕಕ್ಕೆ ಸೇರಬೇಕು. ಒಬ್ಬರು ಸಣ್ಣ ಬಕೆಟ್ ಹಿಡಿದು ಹಿಂದೆ ನಿಂತಿರಿ, ಬಿದ್ದದ್ದನ್ನು ತೂಗಿ ಎರಡನೇ ತೂಕಕ್ಕೆ ಕೂಡಿಸಿ. ಕರು ಒಂದು ಸಲ ಹೊಯ್ಯುವ ಗಂಜಲ ಕಾಲು ಕಿಲೊ ಇರಬಹುದು. ಒಂದು ಕಿಲೊ ಹಾಲು ಅಳೆಯುವಾಗ ಕಾಲು ಕಿಲೊ ತಪ್ಪಿದರೆ ಆ ಅಳತೆಯನ್ನು ಬಿಸಾಡಬೇಕಾಗುತ್ತದೆ.

ಉದಾಹರಣೆಗೆ, ಮೊದಲ ತೂಕ 31.40 ಕಿಲೊ. ಕುಡಿದ ಮೇಲೆ 32.35. ನಡುವೆ ಹೊಯ್ದ ಗಂಜಲ 0.15. ಒಟ್ಟು 1.10 ಕಿಲೊ ಹಾಲು, ಎಂಟು ಗಂಟೆಗೆ. ಮೂರರಿಂದ ಗುಣಿಸಿದರೆ ದಿನಕ್ಕೆ 3.3 ಕಿಲೊ. ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಮತ್ತೆ ಮಾಡಿ ಮೂರನ್ನೂ ಕೂಡಿಸಿದರೆ ಇನ್ನೂ ಚೆನ್ನ. ಹಗಲಿನ ಅಂಕಿ ರಾತ್ರಿಯದಕ್ಕಿಂತ ಬೇರೆ ಬರುವುದು ಸಾಮಾನ್ಯ. ಎರಡು ದಿನದ ಸರಾಸರಿ ತೆಗೆಯಿರಿ.

ತಪ್ಪುವುದು ಎಲ್ಲಿ? ಬೇಗ ಮುಗಿಯಲೆಂದು ನಾಲ್ಕು ಗಂಟೆಗೇ ತೂಗಿದರೆ ಹಾಲು ಕಮ್ಮಿ, ತಕ್ಕಡಿಯ ತಪ್ಪಿನ ಪಾಲು ಜಾಸ್ತಿ. ಹದಿನಾರು ಗಂಟೆ ಕಟ್ಟಿದರೆ ಕೆಚ್ಚಲು ಬಿಗಿದು ಹಾಲೂರುವುದೇ ನಿಧಾನವಾಗುತ್ತದೆ, ಹಸಿದ ಕರು ಗಬಗಬ ಕುಡಿದು ಮರುದಿನ ಭೇದಿ ಮಾಡಿಕೊಳ್ಳುತ್ತದೆ. ಹೊಸಬರು ನಾಲ್ಕು ಜನ ಸುತ್ತ ನಿಂತರೆ ಹಸು ಹಾಲು ಏರಿಸಿಕೊಳ್ಳುತ್ತದೆ; ದಿನವೂ ಕರೆಯುವವರೇ ಹತ್ತಿರ ಇರಲಿ. ಸೊರ ಬಿಡಲೆಂದು ಆಕ್ಸಿಟೋಸಿನ್ ಚುಚ್ಚುವ ಯೋಚನೆಯೇ ಬೇಡ. ಅಭ್ಯಾಸವಾದ ಹಸು ಆಮೇಲೆ ಕರುವಿಗೂ ಹಾಲಿಳಿಸುವುದಿಲ್ಲ.

ತಕ್ಕಡಿ ಇಲ್ಲದವರಿಗೆ ಟೇಪು

ಹಾಲನ್ನು ಟೇಪಿನಲ್ಲಿ ಅಳೆಯಲಾಗದು, ಬೆಳವಣಿಗೆಯನ್ನು ಅಳೆಯಬಹುದು. ಮುಂಗಾಲಿನ ಹಿಂದೆ, ಡುಬ್ಬದ ಹಿಂಭಾಗಕ್ಕೆ ಒತ್ತಿದಂತೆ ಎದೆಯ ಸುತ್ತಳತೆ ಇಂಚಿನಲ್ಲಿ. ಭುಜದ ಮುಂದಿನ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆವರೆಗೆ ಉದ್ದ, ಅದೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೊ ಬರುತ್ತದೆ. ಸುತ್ತಳತೆ 28, ಉದ್ದ 26 ಇದ್ದರೆ ಸುಮಾರು 31 ಕಿಲೊ.

ಟೇಪು ಹತ್ತರಲ್ಲಿ ಒಂದು ಪಾಲು ತಪ್ಪಬಹುದು. ಆದ್ದರಿಂದ ವಾರವಾರ ಅಳೆದು ತಲೆ ಕೆಡಿಸಿಕೊಳ್ಳಬೇಡಿ. ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, ಬೆಳಿಗ್ಗೆ ಹಾಲು ಕುಡಿಯುವ ಮೊದಲು, ಅದೇ ವ್ಯಕ್ತಿ ಅಳೆಯಲಿ.

ಹುಟ್ಟಿದಾಗ 20 ಕಿಲೊ ಇದ್ದ ಕರು ದಿನಕ್ಕೆ 300 ಗ್ರಾಂನಂತೆ ಏರಿದರೆ ಮೂರು ತಿಂಗಳಿಗೆ 47 ಕಿಲೊ, ಆರು ತಿಂಗಳಿಗೆ 74. ಹಳ್ಳಿಕಾರ್ ಹೋರಿಗರುವಿಗೆ ಇದನ್ನು ಗುರಿಯಾಗಿ ಇಟ್ಟುಕೊಳ್ಳಬಹುದು. ತಿಂಗಳಿಗೆ ಆರು ಕಿಲೊಗಿಂತ ಕಡಿಮೆ ಏರಿದರೆ ಹಾಲು ಅಳೆಯುವ ಹೊತ್ತು ಬಂತೆಂದು ತಿಳಿಯಿರಿ.

ಕಣ್ಣಿಗೂ ಕೆಲವು ಕಾಣುತ್ತವೆ. ಕುಡಿದು ಹತ್ತು ನಿಮಿಷವಾದರೂ ತೊಟ್ಟು ಬಿಡದೆ ಗುದ್ದುವ ಕರು, ಕುಡಿದ ಮೇಲೂ ಪಕ್ಕೆಯ ಹಿಂದೆ ಗುಳಿ ಬಿದ್ದಿರುವ ಕರು, ಬೇರೆ ಹಸುವಿನ ಹಿಂಗಾಲ ಸಂದಿಯಿಂದ ಕದ್ದು ಕುಡಿಯಲು ಹೋಗುವ ಕರು ಹಸಿದಿದೆ. ಹೊಟ್ಟೆ ತುಂಬಿದ ಕರು ಬಾಯಂಚಲ್ಲಿ ನೊರೆ ಇಟ್ಟುಕೊಂಡೇ ಮಲಗಿಬಿಡುತ್ತದೆ.

ಗಿಣ್ಣು ಯಾರಿಗೆ

ಹುಟ್ಟಿದ ಎರಡು ಗಂಟೆಯೊಳಗೆ ಒಂದು ಲೀಟರ್, 24 ಗಂಟೆಯೊಳಗೆ ಒಟ್ಟು ಮೈತೂಕದ ಹತ್ತರಲ್ಲೊಂದು ಪಾಲು, ಅಂದರೆ 20 ಕಿಲೊ ಕರುವಿಗೆ ಎರಡು ಲೀಟರ್ ಗಿಣ್ಣುಹಾಲು ಇಳಿಯಬೇಕು. ಕಸ, ಅಂದರೆ ಮಾಸು, ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದೆಂಬ ಮಾತು ಹಲವು ಮನೆಗಳಲ್ಲಿ ಇನ್ನೂ ಇದೆ. ಕಸ ಬೀಳಲು ಎಂಟು ಹತ್ತು ಗಂಟೆ ಹಿಡಿದರೆ ಅಷ್ಟರಲ್ಲಿ ಕರುವಿನ ಕರುಳು ಗಿಣ್ಣಿನ ರೋಗನಿರೋಧಕ ಅಂಶವನ್ನು ಹೀರುವ ಶಕ್ತಿಯನ್ನು ಬಹಳಷ್ಟು ಕಳೆದುಕೊಂಡಿರುತ್ತದೆ. ನಿಜವಾಗಿ ಕರು ಚೀಪಿದರೆ ಗರ್ಭಕೋಶ ಕುಗ್ಗಿ ಕಸ ಬೀಳಲು ಅನುಕೂಲವೇ. ಏಲಕ್ಕಿ ಬೆಲ್ಲ ಹಾಕಿ ಬೇಯಿಸುವ ಗಿಣ್ಣು ರುಚಿಯೇ, ಅಲ್ಲಗಳೆಯುವುದಿಲ್ಲ. ಆದರೆ ಅದು ಕರುವಿನ ಹೊಟ್ಟೆ ತುಂಬಿ ಮಿಕ್ಕಿದರೆ ಮಾತ್ರ.

ಹಂಚುವಾಗ ಯಾವ ತೊಟ್ಟು, ಯಾವ ಹೊತ್ತು

ಅಳೆದಾಯಿತು. ದಿನಕ್ಕೆ ಮೂರು ಲೀಟರಿಗಿಂತ ಕಡಿಮೆ ಕೊಡುವ ಹಸುವಾದರೆ ಮೊದಲ ಎರಡು ತಿಂಗಳು ಮನೆಗೆ ಕರೆಯದಿರುವುದೇ ಸರಿ. ದೇವರ ದೀಪಕ್ಕೆ ಬೆಣ್ಣೆ ಬೇಕೆಂದರೆ ಕಾಲು ಲೀಟರ್ ತೆಗೆಯಬಹುದು, ಅದಕ್ಕಿಂತ ಹೆಚ್ಚು ಬೇಡ. ಮೂರರಿಂದ ನಾಲ್ಕೂವರೆ ಲೀಟರ್ ಇದ್ದರೆ ಬೆಳಿಗ್ಗೆ ಒಂದು ಹೊತ್ತು ಮಾತ್ರ ಸ್ವಲ್ಪ ಕರೆದು, ಸಂಜೆಯದನ್ನು ಪೂರ್ತಿ ಕರುವಿಗೆ ಬಿಡಿ. ಅದಕ್ಕಿಂತ ಹೆಚ್ಚಿದ್ದರೆ ಎರಡೂ ಹೊತ್ತು ಕರೆಯಬಹುದು.

ಎಷ್ಟು ಕರೆಯುತ್ತೀರಿ ಎಂಬುದರಷ್ಟೇ ಯಾವಾಗ ಕರೆಯುತ್ತೀರಿ ಎಂಬುದೂ ಮುಖ್ಯ. ಕೆಚ್ಚಲಿನಿಂದ ಮೊದಲು ಬರುವ ಹಾಲು ನೀರು, ಕಡೆಗೆ ಬರುವುದು ಗಟ್ಟಿ. ಮೊದಲ ಧಾರೆಗಳಲ್ಲಿ ಕೊಬ್ಬು ಶೇಕಡಾ ಒಂದೆರಡು ಇದ್ದರೆ, ಕೊನೆಯ ಹಿಂಡುಹಾಲಿನಲ್ಲಿ ಅದರ ನಾಲ್ಕೈದು ಪಟ್ಟು ಇರುತ್ತದೆ. ಸೊರ ಬಿಡಿಸಲು ಕರುವನ್ನು ಎರಡು ನಿಮಿಷ ಬಿಟ್ಟು, ಎಳೆದು ಕಟ್ಟಿ, ಆಮೇಲೆ ತಳದವರೆಗೆ ಹಿಂಡುವುದು ವಾಡಿಕೆ. ಹೀಗೆ ಮಾಡಿದಾಗ ಕರುವಿಗೆ ನೀರುಹಾಲು, ಚೊಂಬಿಗೆ ಗಟ್ಟಿಹಾಲು. ಬದಲಾಗಿ ಕರುವಿನಿಂದ ಅರ್ಧ ನಿಮಿಷ ಮಾತ್ರ ಚೀಪಿಸಿ, ತೊಟ್ಟು ತೊಳೆದು, ನಿಮ್ಮ ಪಾಲನ್ನು ಮೊದಲು ಕರೆದುಕೊಂಡು, ಕಡೆಯದನ್ನೆಲ್ಲ ಕರುವಿಗೆ ಬಿಡಿ. ಅದೇ ಒಂದು ಲೀಟರ್ ಕರೆದರೂ ಕರುವಿಗೆ ಹೆಚ್ಚು ಬೆಣ್ಣೆ ಸಿಗುತ್ತದೆ. ನಿಮ್ಮ ಮೊಸರು ತುಸು ತೆಳುವಾದೀತು.

ತೊಟ್ಟಿನ ಲೆಕ್ಕದಲ್ಲೂ ಒಂದು ಮೋಸವಿದೆ. ಹಿಂದಿನ ಎರಡು ತೊಟ್ಟುಗಳಲ್ಲಿ ಒಟ್ಟು ಹಾಲಿನ ನೂರಕ್ಕೆ ಅರವತ್ತರಷ್ಟು ಇರುತ್ತದೆ, ಮುಂದಿನ ಎರಡರಲ್ಲಿ ನಲವತ್ತು. ಕೈಗೆ ದಪ್ಪವಾಗಿ ಸಿಗುತ್ತವೆಂದು ಹಿಂದಿನವನ್ನು ನಾವು ಹಿಡಿದರೆ ‘ಅರ್ಧ’ ಎಂದುಕೊಂಡ ಕರುವಿನ ಪಾಲು ಅರ್ಧವಲ್ಲ. ತೊಟ್ಟು ಹಂಚಿಕೊಳ್ಳುವುದೇ ಆದರೆ ಮುಂದಿನವು ನಿಮಗಿರಲಿ.

ಕರು ದಿನವೂ ಒಂದು ತೊಟ್ಟನ್ನು ಬಿಟ್ಟು ಉಳಿದ ಮೂರನ್ನೇ ಚೀಪುತ್ತಿದ್ದರೆ ಆ ತೊಟ್ಟಿನಿಂದ ಎರಡು ಧಾರೆ ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಒಡಕು, ಗರಣೆ ಕಂಡರೆ ಕೆಚ್ಚಲು ಬಾವು. ಕಾರಣವಿಲ್ಲದೆ ಕರು ಒಂದು ತೊಟ್ಟನ್ನು ಬಿಡುವುದಿಲ್ಲ. ಹಾಲು ಉಪ್ಪಾಗಿರುತ್ತದೆ, ಇಲ್ಲವೇ ಮುಟ್ಟಿದರೆ ಹಸು ಒದೆಯುತ್ತದೆ.

ಚಿಕ್ಕಮಗಳೂರು, ಚಿತ್ರದುರ್ಗದ ಕಾವಲುಗಳಲ್ಲಿ ಮೇಯುವ ಅಮೃತಮಹಲ್ ಹಸುಗಳಿಗೆ ಈ ಹಂಚಿಕೆಯ ತಾಪತ್ರಯ ಕಡಿಮೆ. ಅವುಗಳ ಕೆಚ್ಚಲಿಗೆ ಕೈ ಹಾಕುವ ಧೈರ್ಯವೂ ಎಲ್ಲರಿಗಿಲ್ಲ. ಅಲ್ಲಿ ಕರುವಿನ ತೂಕ ನಿಂತಿರುವುದು ತಾಯಿಗೆ ಸಿಕ್ಕ ಹುಲ್ಲಿನ ಮೇಲೆ.

ಹಸುವಿನ ಬಾಯಿಗೆ ಹಾಕದೆ ಕರುವಿನ ಮೈಗೆ ಬಾರದು

ಹಾಲು ಕಡಿಮೆ ಎಂದು ಅಳತೆ ಹೇಳಿದರೆ ಮೊದಲು ನೋಡಬೇಕಾದದ್ದು ಗೋದಲಿ. 250 ಕಿಲೊ ತೂಗುವ ಹಸುವಿಗೆ ಹುಲ್ಲಿನ ಜೊತೆ ಮೈ ಕಾಯ್ದುಕೊಳ್ಳಲು ದಿನಕ್ಕೆ ಒಂದೂಕಾಲು ಕಿಲೊ ತಿಂಡಿ (ನುಚ್ಚು, ಹಿಂಡಿ, ಬೂಸಾ ಬೆರೆಸಿದ್ದು), ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೊ. ಮೂರು ಲೀಟರಿನ ಹಸುವಿಗೆ ಒಟ್ಟು ಎರಡೂವರೆ ಕಿಲೊ ಆಯಿತು. ಹಸಿಮೇವು ಚೆನ್ನಾಗಿ ಸಿಗುವ ಮಳೆಗಾಲದಲ್ಲಿ ಇದರಲ್ಲಿ ಒಂದು ಕಿಲೊ ಇಳಿಸಬಹುದು. ಬರೀ ರಾಗಿಹುಲ್ಲು, ಕಲಗಚ್ಚಿನ ಮೇಲೆ ನಿಂತ ಹಸು ತನ್ನ ಬೆನ್ನಿನ ಮಾಂಸ ಕರಗಿಸಿ ಹಾಲು ಕೊಡುತ್ತದೆ. ಒಂದೂವರೆ ತಿಂಗಳಾದ ಮೇಲೆ ಅದೂ ನಿಲ್ಲುತ್ತದೆ. ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ, ಬೇಕಾದಾಗ ಕುಡಿಯಲು ನೀರು. ಸಂಜೆ ಒಮ್ಮೆ ಮಾತ್ರ ನೀರು ತೋರಿಸುವ ಮನೆಯಲ್ಲಿ ಬೇರೆ ಏನನ್ನೂ ಬದಲಿಸದೆ ಮಧ್ಯಾಹ್ನ ಒಂದು ಬಾನಿ ನೀರು ಇಟ್ಟು ನೋಡಿ. ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ನಿಜವಾದ ತಿಂಡಿ ಖರ್ಚು ಕರು ಹಾಕಿದ ಮೇಲಲ್ಲ, ಅದಕ್ಕೂ ಮೊದಲು ಶುರುವಾಗಬೇಕು. ಗಬ್ಬದ ಆರನೇ ತಿಂಗಳಿಂದ ದಿನಕ್ಕೆ ಒಂದೂಕಾಲು ಕಿಲೊ ಹೆಚ್ಚು ಕೊಟ್ಟ ಹಸು ಮೈತುಂಬಿಕೊಂಡು ಈಯುತ್ತದೆ, ಅದರ ಗಿಣ್ಣೂ ಗಟ್ಟಿ. ಬೆನ್ನುಮೂಳೆ ಎಣಿಸುವಂತಿರುವ ಹಸುವಿಗೆ ಈಯ್ದ ಮೇಲೆ ಎಷ್ಟು ಸುರಿದರೂ ಮೊದಲ ಪಾಲು ಅದರ ಮೈಗೇ ಹೋಗುತ್ತದೆ.

ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ಹಾಲು ಹೆಚ್ಚಿರುವ ಹಸುವೇ ಯಾವಾಗಲೂ ಒಳ್ಳೆಯದೆಂದಲ್ಲ. ಮಳೆ ನೆಚ್ಚಿದ ಊರಿನಲ್ಲಿ, ಏಪ್ರಿಲ್‌ಗೆ ಹುಲ್ಲು ಮುಗಿಯುವ ಮನೆಯಲ್ಲಿ, ಐದು ಲೀಟರಿನ ಹಸು ಒಣಗಿಹೋಗುತ್ತದೆ, ಬೆದೆಗೆ ಬರುವುದಿಲ್ಲ. ಕರು ಚೀಪುತ್ತಿರುವುದೇ ಬೆದೆಯನ್ನು ತಡಮಾಡುತ್ತದೆ, ಅದರ ಮೇಲೆ ಮೈ ಇಳಿದರೆ ವರ್ಷವೇ ಹೋಗುತ್ತದೆ. ಈ ವರ್ಷದ ಕರುವಿಗೆ ಹತ್ತು ಕಿಲೊ ಹೆಚ್ಚು ಸಿಕ್ಕಿ ಮುಂದಿನ ವರ್ಷದ ಕರುವೇ ಹುಟ್ಟದಿದ್ದರೆ ಲಾಭವೆಲ್ಲಿ? ಅಂಥ ಕಡೆ ಮೂರು, ಮೂರೂವರೆ ಲೀಟರ್ ಕೊಟ್ಟು ವರ್ಷಕ್ಕೋ ಹದಿನಾಲ್ಕು ತಿಂಗಳಿಗೋ ಒಂದು ಕರು ಹಾಕುವ ಹಸುವೇ ಮನೆಗೆ ಹೊಂದುತ್ತದೆ. ಹಗಲೆಲ್ಲ ಕರುವನ್ನು ತಾಯಿಯ ಜೊತೆ ಬಿಡುವ ಬದಲು ಎರಡನೇ ತಿಂಗಳಿಂದ ಬೆಳಿಗ್ಗೆ, ಸಂಜೆ ಎರಡು ಹೊತ್ತು ಮಾತ್ರ ಬಿಟ್ಟರೆ ಬೆದೆ ಬೇಗ ಬರಲು ಸಹಾಯವಾಗುತ್ತದೆ.

ಹಾಲು ಸಾಕಷ್ಟಿದ್ದೂ ಕರು ಏಳದಿದ್ದರೆ

ಮೊದಲ ಅನುಮಾನ ದುಂಡುಹುಳುವಿನ ಮೇಲೆ. ಇದರ ಮರಿಗಳು ತಾಯಿಯ ಗಿಣ್ಣು, ಹಾಲಿನ ಮೂಲಕವೇ ಕರುವಿಗೆ ಬರುತ್ತವೆ, ಕೊಟ್ಟಿಗೆ ಎಷ್ಟು ಚೊಕ್ಕವಾಗಿದ್ದರೂ. ಜೇಡಿಮಣ್ಣಿನ ಬಣ್ಣದ ನಾತದ ಭೇದಿ, ಉಬ್ಬಿದ ಹೊಟ್ಟೆ, ಹೊಳಪಿಲ್ಲದ ಕೂದಲು, ಮಣ್ಣು ನೆಕ್ಕುವುದು ಇದರ ಗುರುತು. ಲಕ್ಷಣಕ್ಕೆ ಕಾಯಬೇಡಿ. 10ರಿಂದ 16 ದಿನದೊಳಗೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಜಂತುನಾಶಕ ಕುಡಿಸಿದರೆ ಹುಳು ಮೊಟ್ಟೆ ಇಡುವ ಮೊದಲೇ ಹೋಗುತ್ತದೆ. ಪ್ರಮಾಣಕ್ಕೆ ತೂಕ ಬೇಕು. ತೂಗಿದ್ದು ಇಲ್ಲೂ ಕೆಲಸಕ್ಕೆ ಬಂತು.

ಮೂರು ವಾರ ದಾಟಿದ ಕರು ತಿಣುಕಿ ತಿಣುಕಿ ರಕ್ತ ಬೆರೆತ ಸಗಣಿ ಹಾಕಿದರೆ ಅದು ಬೇರೆ ರೋಗ, ಜಂತಿನ ಔಷಧಿಗೆ ಬಗ್ಗುವುದಿಲ್ಲ. ಸಗಣಿಯ ಮಾದರಿ ಹಿಡಿದು ಪಶು ಆಸ್ಪತ್ರೆಗೆ ಹೋಗಿ. ಕಿವಿಯ ಸಂದಿ, ಬಾಲದ ಬುಡದಲ್ಲಿ ಉಣ್ಣೆ ತುಂಬಿದ್ದರೂ ಕುಡಿದ ಹಾಲು ರಕ್ತವಾಗಿ ಅವಕ್ಕೇ ಹೋಗುತ್ತದೆ.

ಹಾಲು ಇಳಿಯುವಾಗ ತಿಂಡಿ ಏರಬೇಕು

ಹಸುವಿನ ಹಾಲು ಆರರಿಂದ ಎಂಟನೇ ವಾರದವರೆಗೆ ಏರಿ ಆಮೇಲೆ ಇಳಿಯುತ್ತದೆ. ಕರುವಿನ ಅಗತ್ಯ ಏರುತ್ತಲೇ ಹೋಗುತ್ತದೆ. 50 ಕಿಲೊ ಮುಟ್ಟಿದ ಕರುವಿಗೆ ಬದುಕಲೇ 2.4 ಲೀಟರ್ ಬೇಕೆಂದೆವಲ್ಲ, ಆ ಹೊತ್ತಿಗೆ ತಾಯಿ ಎರಡೂವರೆಗೆ ಇಳಿದಿರುತ್ತದೆ. ಮೂರನೇ ತಿಂಗಳಲ್ಲಿ ಕರು ‘ನಿಂತುಬಿಡುವುದು’ ಹೀಗೆ. ಅಲ್ಲಿಂದ ಮುಂದೆ ಬೆಳವಣಿಗೆಯನ್ನು ಎಳೆಯುವುದು ಹುಲ್ಲು ಮತ್ತು ತಿಂಡಿ. ಆದರೆ ತಿಂಡಿ ಅರಗಿಸುವ ಹೊಟ್ಟೆ ಮೂರನೇ ತಿಂಗಳಲ್ಲಿ ದಿಢೀರನೆ ಹುಟ್ಟುವುದಿಲ್ಲ, ಎರಡನೇ ವಾರದಿಂದ ಕಲಿಸಬೇಕು.

ನೂರು ಕಿಲೊ ತಿಂಡಿಗೆ: ಮೆಕ್ಕೆಜೋಳದ ನುಚ್ಚು 50, ಕಡಲೆಕಾಯಿ ಹಿಂಡಿ 30, ಗೋಧಿ ಬೂಸಾ 17, ಖನಿಜ ಮಿಶ್ರಣ 2, ಉಪ್ಪು 1. ಹಿಂಡಿ ಬೂಷ್ಟು ಹಿಡಿದಿದ್ದರೆ, ಕಹಿ ವಾಸನೆ ಇದ್ದರೆ ಕರುವಿಗೆ ಹಾಕಲೇಬೇಡಿ, ಅದರ ವಿಷ ಎಳೆಯ ಯಕೃತ್ತಿಗೆ ಮೊದಲು ತಾಗುತ್ತದೆ. ಯೂರಿಯಾ ಬೆರೆಸಿದ ದೊಡ್ಡ ದನದ ತಿಂಡಿಯೂ ಬೇಡ. ನುಣ್ಣಗೆ ಹಿಟ್ಟು ಮಾಡಿದರೆ ಮೂಗಿಗೆ ಏರುತ್ತದೆ, ನುಚ್ಚಾಗಿರಲಿ.

ಎರಡು ಮೂರನೇ ವಾರದಲ್ಲಿ 50 ಗ್ರಾಂ, ಹಾಲು ಕುಡಿದ ಕೂಡಲೇ ಒದ್ದೆ ಮೂತಿಗೆ ಒಂದು ಚಿಟಿಕೆ ಸವರಿ ರುಚಿ ಹತ್ತಿಸಿ. ಎರಡನೇ ತಿಂಗಳಿಗೆ 250 ಗ್ರಾಂ, ಮೂರನೆಯದಕ್ಕೆ ಅರ್ಧ ಕಿಲೊ, ನಾಲ್ಕರಿಂದ ಆರಕ್ಕೆ ಮುಕ್ಕಾಲರಿಂದ ಒಂದು ಕಿಲೊ. ಕಾಲು ಕಿಲೊ ತಿಂಡಿ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಹಾಲಿನ ಕೆಲಸ ಮಾಡುತ್ತದೆ. ಮನೆಗೆ ಹಾಲು ಬೇಕೇಬೇಕೆನ್ನುವವರು ಈ ಲೆಕ್ಕ ಹಿಡಿದು ಮೂರನೇ ತಿಂಗಳ ಮೇಲೆ ಬದಲಿ ಕೊಡಬಹುದು, ಮೊದಲ ತಿಂಗಳಲ್ಲಿ ಈ ಬದಲಿ ನಡೆಯದು. ತಿಂಡಿಯ ಮೂಲೆಗೆ ಅಡ್ಡಗಳ ಕಟ್ಟಿ, ಕರು ಮಾತ್ರ ನುಸುಳುವಂತೆ ಒಂದೂಕಾಲು ಅಡಿ ಸಂದು ಬಿಡಿ. ಇಲ್ಲದಿದ್ದರೆ ಎಲ್ಲ ತಾಯಿಯ ಹೊಟ್ಟೆಗೆ. ಜೊತೆಗೆ ಎಳೆ ಹುಲ್ಲು, ಗರಿಕೆ, ಮತ್ತು ನೀರು. ಹಾಲು ಕುಡಿಯುವ ಕರುವಿಗೆ ನೀರೇಕೆ ಎನ್ನುವವರಿದ್ದಾರೆ. ನೀರಿಲ್ಲದೆ ಒಣ ತಿಂಡಿ ತಿನ್ನುವುದಿಲ್ಲ.

ಹಾಲು ಬಿಡಿಸುವಾಗ

ದಿನ ಎಣಿಸಿ ಬಿಡಿಸುವುದಕ್ಕಿಂತ ಕರುವಿನ ತಿನ್ನುವಿಕೆ ನೋಡಿ ಬಿಡಿಸುವುದು ಒಳ್ಳೆಯದು. ಸತತ ಒಂದು ವಾರ ದಿನಕ್ಕೆ ಮುಕ್ಕಾಲು ಕಿಲೊ ತಿಂಡಿ ಉಳಿಸದೆ ತಿಂದು, ಕೂತು ಮೆಲುಕು ಹಾಕುತ್ತಿದ್ದರೆ ಕರು ಸಿದ್ಧ. ಹಳ್ಳಿಕಾರಿನಲ್ಲಿ ಇದು ಆರರಿಂದ ಎಂಟು ತಿಂಗಳಿಗೆ ಬರುತ್ತದೆ. ಗಬ್ಬವಾಗಿರುವ ತಾಯಿಗೆ ಮುಂದಿನ ಕರು ಹಾಕಲು ಎರಡು ತಿಂಗಳು ಇರುವಾಗಲಂತೂ ಬಿಡಿಸಲೇಬೇಕು.

ಹತ್ತು ದಿನ ಬೆಳಿಗ್ಗೆ ಒಂದೇ ಹೊತ್ತು ಬಿಡಿ, ಆಮೇಲೆ ಮೂರು ನಾಲ್ಕು ದಿನ ದಿನ ಬಿಟ್ಟು ದಿನ, ನಂತರ ನಿಲ್ಲಿಸಿ. ಕದ್ದು ಕುಡಿಯುವ ಕರುವಿನ ಮೂತಿಗೆ ಕುಕ್ಕೆ ಹಾಕಿ, ಆದರೆ ತಿಂಡಿಯ ಹೊತ್ತಿಗೆ ಬಿಚ್ಚಲು ಮರೆಯಬೇಡಿ. ತಾಯಿ ಮಗುವನ್ನು ಅಡ್ಡಗಳದ ಎರಡು ಬದಿಗೆ, ಮೂಸಬಹುದಾದಷ್ಟು ಹತ್ತಿರ ಕಟ್ಟಿದರೆ ಕೂಗಾಟ ಎರಡು ಮೂರು ದಿನಕ್ಕೆ ಅಡಗುತ್ತದೆ. ಅದೇ ವಾರ ಮೂಗು ಚುಚ್ಚುವುದು, ಬೀಜ ಒಡೆಸುವುದು, ಲಸಿಕೆ ಯಾವುದೂ ಬೇಡ. ಕಾಲುಬಾಯಿ ಲಸಿಕೆ ನಾಲ್ಕನೇ ತಿಂಗಳಲ್ಲಿ, ಮತ್ತೊಂದು ಅದರ ತಿಂಗಳ ಮೇಲೆ ಮುಗಿದಿರಲಿ. ಹಸುವಿನ ತಿಂಡಿಯನ್ನು ಆ ಹತ್ತು ದಿನ ಅರ್ಧಕ್ಕೆ ಇಳಿಸಿ, ಕೆಚ್ಚಲು ಬಿಗಿದರೂ ಹಿಂಡಿ ಬರಿದು ಮಾಡಬೇಡಿ, ಹಿಂಡಿದಷ್ಟೂ ಊರುತ್ತದೆ. ಒಂದು ಕಡೆ ಮಾತ್ರ ಬಿಸಿಯಾಗಿ ಕೆಂಪೇರಿದರೆ ಅದು ಬಿಗಿತವಲ್ಲ, ಬಾವು. ಅದೇ ದಿನ ತೋರಿಸಿ.

ಬಿಡಿಸಿದ ದಿನ ಕರುವನ್ನು ತೂಗಿ, ಹದಿನೈದನೇ ದಿನ ಮತ್ತೆ ತೂಗಿ. ಮೊದಲ ವಾರ ಒಂದು ಕಿಲೊ ಇಳಿದರೆ ಗಾಬರಿ ಬೇಡ. ಹದಿನೈದನೇ ದಿನಕ್ಕೂ ಆ ಒಂದು ಕಿಲೊ ಹಿಂದೆ ಬಾರದಿದ್ದರೆ ತಿಂಡಿಯನ್ನು ಕಾಲು ಕಿಲೊ ಏರಿಸಿ.